ಮೆತ್ತಗಿದ್ದ ಮಾತ್ರಕ್ಕೆ ಕೆಟ್ಟ ಬಿಸ್ಕೀಟಲ್ಲ

ಖಾನಾಪುರದ ಮಳೆಗಾಲ ಕಂಡವರಿಗೆ ಮೆತ್ತಗಾದ ಬಿಸ್ಕೀಟಿನ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ. ಜೂನ್‌ನಲ್ಲಿ ಹತ್ತಿದ ಮಳೆ ಗಣಪತಿ ಹಬ್ಬದವರೆಗೂ ಬಿಡುವುದಿಲ್ಲ. ಉಪ್ಪಿನ ಭರಣಿಯಲ್ಲಿ ನೀರು, ಹಪ್ಪಳ ಮುರಿಯುವ ಬದಲು ಬಾಗುತ್ತದೆ, ಮುಂಜಾನೆ ಒಡೆದ ಬಿಸ್ಕೀಟಿನ ಪುಡಿಕೆ ಸಂಜೆ ಚಹಾದ ಹೊತ್ತಿಗೆ ಒದ್ದೆ ರಟ್ಟು. ಹೀಗಾಗಿ ನಮ್ಮ ಕಡೆ ಮೆತ್ತಗಿನ ಬಿಸ್ಕೀಟು ಅಂದರೆ ಕೆಟ್ಟ ಬಿಸ್ಕೀಟು, ಅಷ್ಟೇ. ಅದನ್ನು ಹಂಚಿನ ಮೇಲೆ ಬೆಚ್ಚಗೆ ಮಾಡಿ ಮತ್ತೆ ಗರಿಗರಿ ಮಾಡುವುದು ಎಲ್ಲರಿಗೂ ಗೊತ್ತು. ಬೇಕಂತಲೇ ಮೆತ್ತಗೆ ಮಾಡುವವರನ್ನು ಕಂಡರೆ ನಗುತ್ತಾರೆ.

ನಾನು ಇರುವುದು ಬೆಳಗಾವಿಯ ಟಿಳಕವಾಡಿಯಲ್ಲಿ, ಅತ್ತೆಮನೆ ಖಾನಾಪುರ. ಸುಮಾರು 26 ಕಿಲೋಮೀಟರ್ ದಾರಿ, ಶನಿವಾರ ಹೋಗಿ ಬರುವುದು ರೂಢಿ. ಮೊದಲ ಸಲ ಓಟ್ಸ್ ಕುಕ್ಕಿ ಒಯ್ದಾಗ ಅತ್ತೆ ಡಬ್ಬಿ ತೆಗೆದು ಒಂದನ್ನು ಹಿಚುಕಿ ನೋಡಿದರು.

“ಯವ್ವಾ, ಇವು ಮೆತ್ತಗಾಗ್ಯಾವಲ್ಲ. ಮುಚ್ಚಳ ಸರಿ ಹಾಕಿದ್ದಿಲ್ಲೇನ?”

“ಇಲ್ರೀ ಅತ್ಯಾ, ಇವು ಇರೋದ ಹಿಂಗ. ಕರದಂಟು ಜಗದ ಜಗದ ತಿಂತೀರಲ್ಲ, ಅದಕ್ಕ ಯಾರರ ಕೆಟ್ಟೈತಿ ಅಂತಾರೇನ್ರೀ?”

ಈ ಮಾತು ನಾಟಿತು ಅಂತ ಕಾಣುತ್ತದೆ. ಗೋಕಾಕದ ಕರದಂಟಿನ ಹೆಸರೇ ಹೇಳುವಂತೆ ಅದು ಕರಿದ ಅಂಟು. ಬೆಲ್ಲ ಆ ಅಂಟನ್ನೂ ಒಣಹಣ್ಣನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಜಗಿಯುವ ಸುಖ ನಮಗೆ ಹೊಸದೇನಲ್ಲ. ಬಿಸ್ಕೀಟಿನಲ್ಲಿ ಅದನ್ನು ನಿರೀಕ್ಷಿಸಿರುವುದಿಲ್ಲ, ಅಷ್ಟೇ.

ನಾನು ಈ ಕುಕ್ಕಿಗೆ ಕೈ ಹಾಕಿದ್ದು ಮಾವನವರ ಸಲುವಾಗಿ. ವಯಸ್ಸು 76, ಹಲ್ಲಿನ ಸೆಟ್ಟು ಹಾಕಿಸಿ ಎರಡು ವರ್ಷ ಆಯಿತು. ಕರದಂಟೆಂದರೆ ಜೀವ ಬಿಡುತ್ತಿದ್ದವರು ಈಗ ಅದರ ಹತ್ತಿರ ಹೋಗುವುದಿಲ್ಲ. ಬದಾಮಿ ಚೂರು ಸೆಟ್ಟಿನ ಕೆಳಗೆ ಸಿಕ್ಕಿದರೆ ಆಗುವ ಫಜೀತಿ ಅನುಭವಿಸಿದವರಿಗೇ ಗೊತ್ತು. ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ತಿನ್ನಬೇಕು, ಆದರೆ ಮಂದಿ ಮುಂದೆ ಅದ್ದಿ ತಿನ್ನಲಿಕ್ಕೆ ನಾಚಿಕೆ. ಬೀಗರು, ಗೆಳೆಯರು ಬಂದರೆ ಚಹಾ ಬರುವ ಮೊದಲೇ ಏನೋ ನೆಪ ಹೇಳಿ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ತಿನ್ನುವುದು ಬಿಟ್ಟದ್ದಕ್ಕಿಂತ ನಾಲ್ಕು ಮಂದಿಯಲ್ಲಿ ಕೂಡುವುದು ಬಿಟ್ಟದ್ದು ನಮಗೆಲ್ಲ ಸಂಕಟವಾಗಿತ್ತು.

ಬಿಸ್ಕೀಟು ಮೆತ್ತಗಿರುವುದಕ್ಕೂ ಮೆತ್ತಗಾಗುವುದಕ್ಕೂ ಫರಕು ಇದೆ. ಗರಿಗರಿ ಬಿಸ್ಕೀಟಿನಲ್ಲಿ ನೀರಿನಂಶ ಬಹಳ ಕಡಿಮೆ. ಅದಕ್ಕೇ ಗಾಳಿಯ ತೇವ ಹೀರಿ ರಟ್ಟಿನ ಹಾಗಾಗುತ್ತದೆ. ನಮ್ಮ ಕುಕ್ಕಿಯದು ಉಲ್ಟಾ: ಒಳಗೆ ತೇವ ಇಟ್ಟುಕೊಂಡೇ ಹೊರಗೆ ಬಂದಿರುತ್ತದೆ. ಇಂಗ್ಲೆಂಡಿನಲ್ಲಿ ಇದೇ ಮಾತು ತೆರಿಗೆ ನ್ಯಾಯಮಂಡಳಿ ಮುಂದೆ ಹೋಗಿತ್ತು! ಅಲ್ಲಿ ಕೇಕಿಗೆ ವ್ಯಾಟ್ ಇಲ್ಲ, ಚಾಕೊಲೇಟ್ ಹಚ್ಚಿದ ಬಿಸ್ಕತ್ತಿಗೆ ಇದೆ. ಜಾಫಾ ಕೇಕ್ ಎಂಬ ತಿನಿಸು ಯಾವುದು ಅಂತ 1991ರಲ್ಲಿ ವಾದ ನಡೆದಾಗ ಪರಿಗಣಿಸಿದ ಅಂಶಗಳಲ್ಲಿ ಇದೂ ಒಂದು: ಬಿಸ್ಕತ್ತು ಹಳತಾದರೆ ಮೆತ್ತಗಾಗುತ್ತದೆ, ಕೇಕು ಹಳತಾದರೆ ಗಟ್ಟಿಯಾಗುತ್ತದೆ. ಜಾಫಾ ಗಟ್ಟಿಯಾಗುವ ಜಾತಿ, ಕೇಕು ಅಂತಲೇ ತೀರ್ಪಾಯಿತು. ಆ ಲೆಕ್ಕ ಹಿಡಿದರೆ ನಮ್ಮದೂ ಕೇಕಿನ ಕಡೆಯದೇ.

ಈಗ ಅಳತೆ. ನಮ್ಮ ಮನೆಯಲ್ಲಿ ತತ್ತಿ ನಡೆಯುವುದಿಲ್ಲ, ಆದ್ದರಿಂದ ಇದು ತತ್ತಿ ಇಲ್ಲದ್ದು. 100 ಗ್ರಾಂ ಮೆತ್ತಗಿನ ಬೆಣ್ಣೆ, 100 ಗ್ರಾಂ ಬೆಲ್ಲದ ಪುಡಿ, 30 ಗ್ರಾಂ ಸಕ್ಕರೆ ಕೂಡಿಸಿ ಚೆನ್ನಾಗಿ ಕಲಸಿ. ಒಂದು ದೊಡ್ಡ ಚಮಚ ಮೊಸರು, ಎರಡು ದೊಡ್ಡ ಚಮಚ ಹಾಲು ಹಾಕಿ. 110 ಗ್ರಾಂ ಮೈದಾಕ್ಕೆ (ಅರ್ಧದಷ್ಟು ಗೋಧಿ ಹಿಟ್ಟು ಹಾಕಿದರೂ ನಡೆಯುತ್ತದೆ) ಅರ್ಧ ಸಣ್ಣ ಚಮಚ ತಿನ್ನುವ ಸೋಡಾ, ಕಾಲು ಚಮಚ ಉಪ್ಪು, ಏಲಕ್ಕಿ, ಚಿಟಿಕೆ ಒಣಶುಂಠಿ ಸೇರಿಸಿ ಜರಡಿ ಹಿಡಿದು ಬೆರೆಸಿ. ಕಡೆಗೆ 120 ಗ್ರಾಂ ಓಟ್ಸ್, ಬಿಸಿನೀರಿನಲ್ಲಿ ನೆನೆಸಿ ಹಿಂಡಿದ ಒಣದ್ರಾಕ್ಷಿ ಒಂದು ಮುಷ್ಟಿ. ಗೋಡಂಬಿ ಚೂರು ಹಾಕಬಹುದು, ಆದರೆ ಹಲ್ಲಿನ ಸೆಟ್ಟಿನವರಿಗೆ ತರಿತರಿಯಾಗಿ ಪುಡಿ ಮಾಡಿಯೇ ಹಾಕಿ.

ಓಟ್ಸ್ ಅಂದೆನಲ್ಲ, ಮಸಾಲಾ ಓಟ್ಸ್ ಅಲ್ಲ ಮತ್ತೆ! ರೋಲ್ಡ್ ಓಟ್ಸ್ ಅಂತ ಬರೆದ ಪಾಕೀಟು ತನ್ನಿ. ನಮ್ಮ ಅವಲಕ್ಕಿಯ ದಾಯಾದಿ ಅದು. ಕಾಳನ್ನು ಹಬೆಯಲ್ಲಿ ಬೇಯಿಸಿ ಚಪ್ಪಟೆ ಒತ್ತಿದ್ದು. ದಪ್ಪ ಅವಲಕ್ಕಿ ನೆನೆಯಲು ಹೊತ್ತು ಹಿಡಿಯುವಂತೆ ಇದಕ್ಕೂ ಹೊತ್ತು ಬೇಕು. ಆದ್ದರಿಂದ ಕಲಸಿದ ಹಿಟ್ಟು ಕಡಿಮೆಯೆಂದರೆ 40 ನಿಮಿಷ ಫ್ರಿಜ್‌ನಲ್ಲಿ ಕೂಡಲಿ. ಓಟ್ಸ್ ನೀರು ಕುಡಿಯುತ್ತದೆ, ಬೆಣ್ಣೆ ಬಿಗಿಯುತ್ತದೆ, ಒಲೆಯೊಳಗೆ ಕುಕ್ಕಿ ಹರಿದು ದೋಸೆಯಾಗುವುದಿಲ್ಲ. ಅವಸರ ಮಾಡುವವರು ಈ ಕುಕ್ಕಿಯ ಹಾದಿಗೆ ಬರುವುದೇ ಬೇಡ.

ಬೆಲ್ಲದ ಮಾತೂ ಹಾಗೇ. ರವಿವಾರ ಪೇಟೆಗೆ ಹೋದರೆ ಹಳದಿ ಹೊಳೆಯುವ ಅಚ್ಚೂ ಸಿಗುತ್ತದೆ, ಕಪ್ಪಗಿನ ಮೆತ್ತನ್ನ ಬೆಲ್ಲವೂ ಸಿಗುತ್ತದೆ. ಎರಡನೆಯದು ತಗೊಳ್ಳಿ. ಬೆಲ್ಲ ತೇವವನ್ನು ಸಕ್ಕರೆಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಪೂರ್ತಿ ಸಕ್ಕರೆಯಲ್ಲಿ ಮಾಡಿದರೆ ಕುಕ್ಕಿ ಗರಿಗರಿಯಾಗಿ ನಾನಕಟಾಯಿಯ ಹಾದಿ ಹಿಡಿಯುತ್ತದೆ. (ದೀಪಾವಳಿಗೆ ಹಿಟ್ಟು, ತುಪ್ಪ, ಸಕ್ಕರೆ ಡಬ್ಬಿಯಲ್ಲಿ ತುಂಬಿ ಬೇಕರಿಯ ಭಟ್ಟಿಗೆ ಕೊಟ್ಟು ನಾನಕಟಾಯಿ ಮಾಡಿಸಿ ತರುತ್ತಿದ್ದ ಕಾಲ ನೆನಪಿದೆಯಲ್ಲ? ಅದರ ರುಚಿಗೆ ನಾನು ಎದುರು ಹೇಳುವವಳಲ್ಲ. ಅದು ಬಾಯಲ್ಲಿ ಕರಗಬೇಕು, ಇದನ್ನು ಜಗಿಯಬೇಕು.)

ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ತುಸು ಒತ್ತಿ, ಅಂತರ ಬಿಟ್ಟು ಜೋಡಿಸಿ. 18 ಆಗುತ್ತವೆ. ಮೊದಲೇ ಕಾದ ಓವನ್‌ನಲ್ಲಿ 170 ಡಿಗ್ರಿಗೆ 11ರಿಂದ 12 ನಿಮಿಷ. ಅಂಚು ಕೆಂಪಾಗಿ ನಡುವೆ ಇನ್ನೂ ಹಸಿ ಅನಿಸುತ್ತಿರುವಾಗಲೇ ತೆಗೆಯಬೇಕು. ಇಲ್ಲಿಯೇ ಎಲ್ಲರ ಕೈ ತಡೆಯುತ್ತದೆ, ಇನ್ನೆರಡು ನಿಮಿಷ ಇರಲಿ ಅನಿಸುತ್ತದೆ. ಆ ಎರಡು ನಿಮಿಷವೇ ಕುಕ್ಕಿಯನ್ನು ಕಲ್ಲು ಮಾಡುವುದು. ತೆಗೆದ ಮೇಲೂ ತಟ್ಟೆಯ ಕಾವಿನಲ್ಲಿ ಅದು ಬೇಯುತ್ತಲೇ ಇರುತ್ತದೆ. ಹತ್ತು ನಿಮಿಷ ಮುಟ್ಟಬೇಡಿ. ಓವನ್ ಇಲ್ಲದವರು ದಪ್ಪ ತಳದ ಬೋಗಾಣಿಯಲ್ಲಿ ಉಪ್ಪು ಹರವಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಆಮೇಲೆ ಸಣ್ಣ ಉರಿಯಲ್ಲಿ 15ರಿಂದ 18 ನಿಮಿಷ ಸುಡಬಹುದು. ಖಾನಾಪುರದಲ್ಲಿ ಕರೆಂಟು ಹೋದಾಗ ನಾವು ಮಾಡುವುದು ಹೀಗೇ.

ಇನ್ನು ಶುಗರ್ ವಿಷಯ. ಮಾವನವರಿಗೂ ತುಸು ಇದೆ. “ಓಟ್ಸ್ ಅಲ್ಲೇನ್ರೀ, ಬೆಲ್ಲ ಅಲ್ಲೇನ್ರೀ, ಏನೂ ಆಗಂಗಿಲ್ಲ ತಿನ್ರಿ” ಅನ್ನುವವರಿಗೆ ನಮ್ಮ ಕಡೆ ಬರವಿಲ್ಲ. ಲೆಕ್ಕ ಮಾಡಿ ನೋಡಿ. 18 ಕುಕ್ಕಿಗೆ 130 ಗ್ರಾಂ ಸಿಹಿ, ಅಂದರೆ ಒಂದಕ್ಕೆ 7 ಗ್ರಾಂ. ಒಂದೂವರೆ ಚಮಚ ಸಕ್ಕರೆ ಇದ್ದಂತೆ. ರಕ್ತದ ಸಕ್ಕರೆಗೆ ಬೆಲ್ಲ ಬೇರೆ ಅಲ್ಲ, ಸಕ್ಕರೆ ಬೇರೆ ಅಲ್ಲ. ಓಟ್ಸಿನ ನಾರು ಹೃದಯಕ್ಕೆ ಒಳ್ಳೆಯದೆನ್ನುವುದು ನಿಜ; ಹಾಗೆ ಪಾಕೀಟಿನ ಮೇಲೆ ಬರೆಯಲು ಅಮೆರಿಕದ ಆಹಾರ ಇಲಾಖೆ 1997ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಅದಕ್ಕೆ ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಎಂಬ ನಾರು ಬೇಕು, ಅಂದರೆ ಹೆಚ್ಚುಕಡಿಮೆ 75 ಗ್ರಾಂ ಓಟ್ಸ್. ನಮ್ಮ ಒಂದು ಕುಕ್ಕಿಯಲ್ಲಿ ಇರುವುದು 7 ಗ್ರಾಂಗೂ ಕಡಿಮೆ. ಆ ಲಾಭಕ್ಕೆ 11 ಕುಕ್ಕಿ ತಿನ್ನಬೇಕು, ಜೊತೆಗೆ 80 ಗ್ರಾಂ ಸಿಹಿಯನ್ನೂ! ಹೀಗಾಗಿ ಡಾಕ್ಟರರನ್ನು ಕೇಳಿ ನಾವು ಮಾಡಿಕೊಂಡ ಕರಾರು ಇಷ್ಟು: ಚಹಾ ಸಕ್ಕರೆ ಇಲ್ಲದ್ದು, ಕುಕ್ಕಿ ದಿನಕ್ಕೆ ಒಂದು. ಆ ಒಂದನ್ನು ಮಾವನವರು ಬೆಳಿಗ್ಗೆ ತಿನ್ನುವುದಿಲ್ಲ. ಸಂಜೆ ಯಾರಾದರೂ ಬರಬಹುದು ಅಂತ ತೆಗೆದಿಡುತ್ತಾರೆ.

ಇಡುವ ರೀತಿ ಊರಿಗೊಂದು. ಖಾನಾಪುರದ ಮಳೆಯಲ್ಲಿ ಇವೂ ತೇವ ಹೀರಿ ಕೈಗೆ ಅಂಟುತ್ತವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಅಂಟಿದರೆ ಕಾದ ಹಂಚಿನ ಮೇಲೆ ಎರಡು ನಿಮಿಷ ಇಡಿ. ಬೆಳಗಾವಿಯ ಫೆಬ್ರುವರಿ, ಮಾರ್ಚಿನ ಒಣಗಾಳಿಗೆ ಮೂರನೇ ದಿನಕ್ಕೇ ಗಟ್ಟಿಯಾಗುತ್ತವೆ. ಡಬ್ಬಿಯಲ್ಲಿ ಒಂದು ಬ್ರೆಡ್ ತುಂಡು ಹಾಕಿದರೆ ಬ್ರೆಡ್ಡು ಒಣಗಿ ಕುಕ್ಕಿ ಮೆತ್ತಗಾಗುತ್ತದೆ. ದಿನಕ್ಕೊಮ್ಮೆ ತುಂಡು ಬದಲಿಸಿ. ಉಂಡೆ ಮಾಡಿದ ಹಿಟ್ಟು ಫ್ರಿಜ್‌ನಲ್ಲಿ ಎರಡು ದಿನ ಇರುತ್ತದೆ. ನಾನು ಗುರುವಾರ ರಾತ್ರಿ ಕಲಸಿಟ್ಟು, ಶನಿವಾರ ಮುಂಜಾನೆ ಸುಟ್ಟು, ಆರಿದ ಮೇಲೆ ಡಬ್ಬಿಗೆ ತುಂಬುತ್ತೇನೆ.