ಅದು ಗದ್ದಲವಲ್ಲ

ತರಗತಿಯಲ್ಲಿ ಮಕ್ಕಳನ್ನು ಗುಂಪಿನಲ್ಲಿ ಕೂರಿಸಿದರೆ ಬರೀ ಗದ್ದಲ, ಜಾಣ ಮಗು ಬರೆಯುತ್ತದೆ, ಉಳಿದವು ನಕಲು ಮಾಡುತ್ತವೆ, ಒಬ್ಬರ ತಪ್ಪು ಎಲ್ಲರಿಗೂ ಅಂಟುತ್ತದೆ. ಭಾಷೆಯನ್ನು ಮೇಷ್ಟ್ರೇ ಕಲಿಸಬೇಕು ಎಂಬುದು ಕಳೆದ ವಾರದ ಲೇಖನವೊಂದರ ವಾದ.

ನಕಲಿನ ಆತಂಕ ನಿಜ. ಆದರೆ ದೋಷ ಗುಂಪಿನದಲ್ಲ, ಕೊಟ್ಟ ಕೆಲಸದ್ದು. ನಾಲ್ವರಿಗೂ ಒಂದೇ ಪ್ರಶ್ನೆ ಕೊಟ್ಟರೆ ಒಬ್ಬರೇ ಬರೆಯುತ್ತಾರೆ. ಕಥೆಯನ್ನು ನಾಲ್ಕು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಡಿ: ಎಲ್ಲರೂ ಬಾಯಿ ಬಿಡದೆ ಕಥೆ ಪೂರ್ತಿಯಾಗದು. ಅಮೆರಿಕದ ಮನೋವಿಜ್ಞಾನಿ ಎಲಿಯಟ್ ಅರಾನ್ಸನ್ 1971ರಲ್ಲಿ ಶಾಲೆಗಳಿಗೆಂದು ರೂಪಿಸಿದ ಜಿಗ್‌ಸಾ ವಿಧಾನದ ತಿರುಳೇ ಇದು.

ಇನ್ನು ಲೆಕ್ಕ. 40 ನಿಮಿಷದ ಅವಧಿ, 40 ಮಕ್ಕಳು. ಮೇಷ್ಟ್ರು ಒಂದಕ್ಷರ ಆಡದಿದ್ದರೂ ಒಂದು ಮಗುವಿಗೆ ಮಾತಾಡಲು ಸಿಗುವುದು ಒಂದೇ ನಿಮಿಷ. ನಾಲ್ವರ ಗುಂಪಿನಲ್ಲಿ ಹತ್ತು. ಆಡದೆ ಯಾವ ಮಾತು ಬಂದೀತು?

ತಪ್ಪು ಹರಡುತ್ತದೆ ಎನ್ನುವವರು ಹೆಗ್ಗಡದೇವನಕೋಟೆಯನ್ನು ನೆನೆಯಬೇಕು. 1995ರಲ್ಲಿ ಅಲ್ಲಿ ಆರಂಭವಾದ ನಲಿ-ಕಲಿ ಕಲಿಕಾ ಪದ್ಧತಿಯಲ್ಲಿ ಗೆಳೆಯರ ನೆರವಿನ ಗುಂಪೂ ಇದೆ, ಶಿಕ್ಷಕರ ನೆರವಿನ ಗುಂಪೂ ಇದೆ. ಮೇಷ್ಟ್ರು ಅಲ್ಲಿ ಮಾಯವಾಗಿಲ್ಲ. ಬೇಕಾದವರ ಪಕ್ಕ ಕೂರುತ್ತಾರೆ. ಇಡೀ ತರಗತಿಯ ಎದುರು ನುಂಗಿಕೊಂಡ ಪದವನ್ನು ಮಗು ಪಕ್ಕದವಳ ಹತ್ತಿರ ಧೈರ್ಯವಾಗಿ ಕೇಳುತ್ತದೆ. ಲೇಖಕರ ಕಿವಿಗೆ ಗದ್ದಲವೆನಿಸಿದ್ದು ಆ ಕೇಳುವ ದನಿಯೇ.