ಅಂಕಿ ಹುಟ್ಟುವ ಕೋಣೆ

ವೈದ್ಯಕೀಯ ಸೀಟಿನ ಬಗ್ಗೆ ನಮ್ಮಲ್ಲಿ ನಡೆಯುವಷ್ಟು ಮಾತುಕತೆ, ಸೀಟು ಸಿಕ್ಕ ಮೇಲೆ ಮಕ್ಕಳು ಏನು ಕಲಿಯುತ್ತಾರೆ ಎಂಬುದರ ಬಗ್ಗೆ ನಡೆಯುವುದಿಲ್ಲ. ನೀಟ್ ರ್‍ಯಾಂಕ್, ಕಟ್ ಆಫ್, ಸರ್ಕಾರಿ ಕೋಟಾ, ಮ್ಯಾನೇಜ್‌ಮೆಂಟ್ ಕೋಟಾ, ಫೀಸು, ಇಷ್ಟರಲ್ಲಿ ಮನೆಮಂದಿಯ ಕುತೂಹಲ ತೀರಿರುತ್ತದೆ. ಎಂಬಿಬಿಎಸ್ ಸಿಗದವರು ಬಿ.ಎಸ್ಸಿ. ನರ್ಸಿಂಗ್‌ಗೋ ಮೆಡಿಕಲ್ ಲ್ಯಾಬ್ ಟೆಕ್ನಾಲಜಿಗೋ ಸೇರಿದರೆ ಅಷ್ಟೂ ಕೇಳುವವರಿಲ್ಲ. ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಎಂದರೆ ಹೇಗಾದರೂ ಪಾಸು ಮಾಡಿ ದಾಟಿಕೊಂಡರೆ ಸಾಕು, ನಿಜವಾದ ಓದು ವಾರ್ಡಿನಲ್ಲಿ ಶುರುವಾಗುತ್ತದೆ ಎಂಬ ನಂಬಿಕೆ ಮಕ್ಕಳಲ್ಲೂ ಇದೆ. ನನ್ನನ್ನು ಕೇಳಿದರೆ, ಈ ಓದಿನಲ್ಲಿ ಕೊನೆಯವರೆಗೂ ಕೈಹಿಡಿಯುವ ಪಾಠವೊಂದು ನಡೆಯುವುದು ಆ ಮೊದಲ ವರ್ಷದಲ್ಲೇ, ಅದೂ ಪ್ರಾಕ್ಟಿಕಲ್ ಕೋಣೆಯಲ್ಲಿ.

ಅಲ್ಲಿ ಹಿಮೋಗ್ಲೋಬಿನ್ ಅಳೆಯುವುದನ್ನು ಒಮ್ಮೆ ನಿಂತು ನೋಡಬೇಕು. ಸಾಹ್ಲಿ ವಿಧಾನವೆಂದು ಅದಕ್ಕೆ ಹೆಸರು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವೈದ್ಯ ಹರ್ಮನ್ ಸಾಹ್ಲಿ ನೂರು ವರ್ಷಕ್ಕೂ ಹಿಂದೆ ರೂಪಿಸಿದ್ದು. ದೊಡ್ಡ ಆಸ್ಪತ್ರೆಗಳ ಲ್ಯಾಬುಗಳು ಅದನ್ನು ಬಿಟ್ಟು ಎಷ್ಟೋ ಕಾಲವಾಯಿತು, ಕಾಲೇಜಿನ ಮೇಜಿನ ಮೇಲೆ ಉಳಿದುಕೊಂಡಿದೆ. ಗೆರೆ ಹಾಕಿದ ಸಣ್ಣ ಗಾಜಿನ ನಳಿಗೆಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಬೇಕು. ಉಂಗುರದ ಬೆರಳಿಗೆ ಸ್ಪಿರಿಟ್ ಸವರಿ, ಆರಲು ಬಿಟ್ಟು, ಲ್ಯಾನ್ಸೆಟ್‌ನಿಂದ ಚುಚ್ಚಬೇಕು. ಮೊದಲ ಹನಿಯನ್ನು ಹತ್ತಿಯಲ್ಲಿ ಒರೆಸಿ, ಎರಡನೆಯದರಿಂದ 20 ಘನ ಮಿಲಿಮೀಟರ್ ರಕ್ತವನ್ನು ಪಿಪೆಟ್ಟಿಗೆ ಎಳೆದುಕೊಂಡು ಆಮ್ಲದೊಳಗೆ ಬಿಡಬೇಕು. ಹತ್ತು ನಿಮಿಷ ಕಾದರೆ ಕೆಂಪು ಹೋಗಿ ಕಂದು ಬರುತ್ತದೆ. ಆಮೇಲೆ ಡಿಸ್ಟಿಲ್ಡ್ ವಾಟರ್ ಹನಿಹನಿಯಾಗಿ ಸೇರಿಸುತ್ತ, ಗಾಜಿನ ಕಡ್ಡಿಯಿಂದ ಕಲಕುತ್ತ, ಪಕ್ಕದಲ್ಲಿ ಕೂರಿಸಿರುವ ಕಂದು ಗಾಜಿನ ಬಣ್ಣಕ್ಕೆ ಹೊಂದುವ ತನಕ ತಿಳಿ ಮಾಡಬೇಕು. ಹೊಂದಿದಾಗ ದ್ರಾವಣದ ಮಟ್ಟ ಎಲ್ಲಿದೆಯೋ ಅದೇ ಉತ್ತರ.

ಹೊಂದಿತೋ ಇಲ್ಲವೋ ಎಂದು ತೀರ್ಪು ಕೊಡುವುದು ಕಣ್ಣು. ಕಿಟಕಿಯ ಪಕ್ಕ ಕುಳಿತವಳಿಗೆ 12.5 ಕಂಡರೆ, ಅದೇ ರಕ್ತವನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿದ ಗೆಳತಿಗೆ 13.5. ಒಂದು ಹನಿ ನೀರು ಹೆಚ್ಚು ಬಿದ್ದರೆ ವಾಪಸ್ ತೆಗೆಯುವಂತಿಲ್ಲ. ರಕ್ತ ಬರುತ್ತಿಲ್ಲವೆಂದು ಬೆರಳು ಹಿಂಡಿದವಳಿಗೆ ಮೇಡಂ ಗದರುತ್ತಾರೆ: “ಹಿಂಡಬೇಡಮ್ಮಾ, ಹಿಂಡಿದ್ರೆ ಟಿಶ್ಯೂ ಫ್ಲೂಯಿಡ್ ಸೇರ್ಕೊಂಡು ರೀಡಿಂಗ್ ಕಡಿಮೆ ಬರುತ್ತೆ.” ಹದಿನೆಂಟರ ಹುಡುಗಿಗೆ ಅದು ಆ ದಿನದ ಬೈಗುಳ ಅಷ್ಟೇ. ದೇಶದ ದೊಡ್ಡದೊಂದು ವಾಗ್ವಾದ ಅದೇ ಮಾತಿನ ಸುತ್ತ ತಿರುಗುತ್ತಿದೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ.

ಅದೇ ವರ್ಷ ರಕ್ತದೊತ್ತಡ ನೋಡುವುದನ್ನೂ ಕಲಿಸುತ್ತಾರೆ. ತೋಳಿಗೆ ಸುತ್ತುವ ಪಟ್ಟಿಯನ್ನು 1896ರಲ್ಲಿ ಇಟಲಿಯ ರಿವಾ-ರೋಚಿ ಕೊಟ್ಟ; ಪಟ್ಟಿ ಸಡಿಲವಾಗುವಾಗ ಸ್ಟೆತಸ್ಕೋಪಿನಲ್ಲಿ ಕೇಳುವ ಸದ್ದುಗಳನ್ನು 1905ರಲ್ಲಿ ರಷ್ಯಾದ ಕೊರೊಟ್ಕಾಫ್ ವಿವರಿಸಿದ. ಇಷ್ಟೆಲ್ಲ ಓದಿದ ಮೇಲೆ ರೆಕಾರ್ಡ್ ಬುಕ್ ತೆರೆದು ನೋಡಿ: ಇಡೀ ಬ್ಯಾಚಿನ ಬಿ.ಪಿ. 120/80! ಪಾದರಸದ ಯಂತ್ರದಲ್ಲಿ ಗೆರೆ ಇರುವುದು 2 ಮಿಲಿಮೀಟರಿಗೊಂದರಂತೆ. 118 ಬರಬಹುದು, 122 ಬರಬಹುದು, 125 ಬರುವಂತಿಲ್ಲ. ಆದರೂ 125 ಎಂದು ಬರೆದ ಕೇಸ್ ಶೀಟುಗಳಿಗೆ ಬರವಿಲ್ಲ. ಸೊನ್ನೆಯಲ್ಲೋ ಐದರಲ್ಲೋ ಮುಗಿಯುವ ಅಂಕಿಯ ಕಡೆಗೆ ಕೈ ವಾಲುವ ಈ ಚಾಳಿ ಜಗತ್ತಿನ ಎಲ್ಲ ಕಡೆ ದಾಖಲಾಗಿದೆ.

ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ನಾಲ್ಕು ಆಯ್ಕೆಗಳಲ್ಲಿ ಒಂದೇ ಸರಿ, ತಪ್ಪಿಗೆ ಮೈನಸ್ ಮಾರ್ಕ್ಸ್ ಎಂಬ ತರಬೇತಿಯಲ್ಲಿ ಬೆಂದು ಬಂದವರು ಅವರು. ಉತ್ತರ ಪುಸ್ತಕದಲ್ಲಿ ಮೊದಲೇ ಇದೆ, ಅಲ್ಲಿಗೆ ತಲುಪುವುದೇ ಜಾಣತನ ಎಂದು ಅವರಿಗೆ ಅಭ್ಯಾಸವಾಗಿದೆ. ಕಿವಿಗೆ 108ರಲ್ಲಿ ಸದ್ದು ಕೇಳಿಸಿದರೂ ತಮ್ಮ ಕಿವಿಯೇ ಸರಿಯಿಲ್ಲವೆಂದುಕೊಂಡು 120 ಬರೆಯುತ್ತಾರೆ. ಸಂತೆಯಲ್ಲಿ ಅಕ್ಕಿ ಕೊಳ್ಳುವವಳು ಅಕ್ಕಿಗಿಂತ ಮೊದಲು ತಕ್ಕಡಿಯ ಮುಳ್ಳು ನೋಡುತ್ತಾಳಲ್ಲ, ಆ ಬುದ್ಧಿಯನ್ನು ಕಲಿಸಬೇಕಾದ ಕೋಣೆಯಲ್ಲೇ ಅದು ಕೈತಪ್ಪಿ ಹೋಗುತ್ತದೆ.

ಪುಸ್ತಕದ ಅಂಕಿಗಳಾದರೂ ಎಲ್ಲಿಂದ ಬಂದವು? ಸಹಜ ಮೈಬಿಸಿಯ 98.6 ಡಿಗ್ರಿಯನ್ನೇ ತೆಗೆದುಕೊಳ್ಳಿ. ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ಕಾರ್ಲ್ ವುಂಡರ್‌ಲಿಷ್ ಸುಮಾರು 25,000 ರೋಗಿಗಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿ 1868ರಲ್ಲಿ ಪುಸ್ತಕ ಪ್ರಕಟಿಸಿದ. ಸರಾಸರಿ 37 ಸೆಲ್ಸಿಯಸ್ ಎಂದ. ಬೆಳಗ್ಗೆ ಕಡಿಮೆ, ಸಂಜೆ ಹೆಚ್ಚು, ಹೆಂಗಸರಲ್ಲಿ ತುಸು ಹೆಚ್ಚು ಎಂದೂ ಅವನೇ ಬರೆದಿದ್ದ. ಲೋಕ ಅದನ್ನೆಲ್ಲ ಮರೆತು 37ನ್ನು ಮಾತ್ರ ಇಟ್ಟುಕೊಂಡಿತು. ಅದನ್ನು ಫ್ಯಾರನ್‌ಹೀಟ್‌ಗೆ ಲೆಕ್ಕ ಹಾಕಿದಾಗ 98.6 ಬಂತು. ಮೂಲದಲ್ಲಿ ಇಲ್ಲದ ದಶಾಂಶ ಹೀಗೆ ಬಂದು ಕುಳಿತು, ಎಲ್ಲಿಲ್ಲದ ಖಚಿತತೆಯ ಕಳೆ ಪಡೆಯಿತು. 1992ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ 148 ಆರೋಗ್ಯವಂತರನ್ನು ಹೊಸದಾಗಿ ಅಳೆದಾಗ ಸರಾಸರಿ ಸಿಕ್ಕಿದ್ದು 98.2. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2020ರಲ್ಲಿ ಹಳೆಯ ದಾಖಲೆಗಳನ್ನು ಜೋಡಿಸಿ, ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಅಮೆರಿಕನ್ನರ ಮೈಬಿಸಿಯೇ ನಿಧಾನಕ್ಕೆ ಇಳಿಯುತ್ತ ಬಂದಿದೆ ಎಂದರು. ನಮ್ಮ ಮನೆಗಳ ಥರ್ಮಾಮೀಟರಿನಲ್ಲಿ ಮಾತ್ರ ಬಾಣದ ಗುರುತು 98.6ರಲ್ಲೇ ನಿಂತಿದೆ.

ಓದುಗರ ಜೇಬಿಗೇ ತಟ್ಟುವ ಇನ್ನೊಂದು ಸಂಗತಿಯೂ ಇದೇ ಪಾಠದಲ್ಲಿದೆ. ಫುಲ್ ಬಾಡಿ ಚೆಕಪ್ ಮಾಡಿಸಿಕೊಂಡು ಬಂದವರು ಪಕ್ಕದ ಮನೆಯವರಿಗೆ ಹೇಳುವುದುಂಟು: “ಎಲ್ಲಾ ನಾರ್ಮಲ್ಲೇ ರೀ, ಒಂದಕ್ಕೆ ಮಾತ್ರ ಸ್ಟಾರ್ ಹಾಕಿದ್ದಾರೆ.” ಆ ಸ್ಟಾರು ಹುಟ್ಟುವ ಬಗೆ ಸರಳ. ಆರೋಗ್ಯವಂತರೆಂದು ಆರಿಸಿದ ಒಂದಷ್ಟು ಜನರ ರಕ್ತ ಪರೀಕ್ಷಿಸಿ, ಬಂದ ಫಲಿತಾಂಶಗಳಲ್ಲಿ ಕೆಳತುದಿಯ ಶೇ. 2.5, ಮೇಲ್ತುದಿಯ ಶೇ. 2.5 ಕತ್ತರಿಸಿ, ನಡುವಿನ ಶೇ. 95ನ್ನು ಸಹಜ ಮಿತಿ ಎಂದು ಕರೆಯುವುದು ಹೆಚ್ಚಿನ ಪರೀಕ್ಷೆಗಳ ಪದ್ಧತಿ. ಅಂದರೆ ಯಾವ ಕಾಯಿಲೆಯೂ ಇಲ್ಲದ ಇಪ್ಪತ್ತು ಜನರಲ್ಲಿ ಒಬ್ಬರು ಮಿತಿಯ ಹೊರಗೆ ಬೀಳಲೇಬೇಕು. ಲೆಕ್ಕವನ್ನೇ ಹಾಗೆ ಕಟ್ಟಿದ್ದಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳ ಪ್ಯಾಕೇಜ್ ಎಂದುಕೊಂಡರೆ, ಗಟ್ಟಿಮುಟ್ಟಾದ ನೂರು ಜನರಲ್ಲಿ ಒಂದೂ ಸ್ಟಾರ್ ಇಲ್ಲದೆ ಮನೆಗೆ ಹೋಗುವವರು 36 ಮಂದಿ. ಉಳಿದ 64 ಜನ ಒಂದಾದರೂ ಸ್ಟಾರ್ ಹಿಡಿದುಕೊಂಡು ಇನ್ನೊಂದು ಪರೀಕ್ಷೆಗೋ ಸ್ಪೆಷಲಿಸ್ಟರ ಬಳಿಗೋ ಓಡುತ್ತಾರೆ. ಆ ಮಿತಿಗೆ ಆಧಾರವಾದ ಆರೋಗ್ಯವಂತರು ಎಲ್ಲಿಯವರು ಎಂದರೆ, ಎಷ್ಟೋ ಸಲ ಪರದೇಶದವರು. ಕಿಟ್ ತಯಾರಿಸಿದ ಕಂಪನಿ ಒಳಗಿಟ್ಟ ಚೀಟಿಯಲ್ಲಿರುವುದನ್ನೇ ಬಹಳ ಲ್ಯಾಬುಗಳು ರಿಪೋರ್ಟಿನಲ್ಲಿ ಅಚ್ಚು ಹಾಕುತ್ತವೆ.

ಈಗ ಮೇಡಂ ಗದರಿದ ಬೆರಳಿನ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಗಿಂತ ಇದು ಹೆಚ್ಚು. ಇಷ್ಟು ವರ್ಷ ಕಬ್ಬಿಣಾಂಶದ ಮಾತ್ರೆ ಹಂಚಿದ ಮೇಲೂ ಹೀಗೇಕೆ ಎಂದು ಸಂಸತ್ತಿನಿಂದ ಸುದ್ದಿವಾಹಿನಿಗಳವರೆಗೆ ಚರ್ಚೆಯಾಯಿತು. ಸಮೀಕ್ಷೆಯವರು ಅಳೆದದ್ದು ಬೆರಳ ತುದಿ ಚುಚ್ಚಿ ತೆಗೆದ ಹನಿಯನ್ನು, ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದಲ್ಲಿ. ಅದಕ್ಕೂ ಮೊದಲು 2016-18ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ಪೌಷ್ಟಿಕತೆಯ ಬಗ್ಗೆ ಇನ್ನೊಂದು ರಾಷ್ಟ್ರೀಯ ಸಮೀಕ್ಷೆ ನಡೆದಿತ್ತು. ಅಲ್ಲಿ ತೋಳಿನ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ನೋಡಿದ್ದರು. ಅದರಲ್ಲಿ ರಕ್ತಹೀನತೆ ಎಷ್ಟೋ ಕಡಿಮೆ ಕಂಡಿತು.

ಆ ಮಾಹಿತಿಯನ್ನು ದೆಹಲಿಯ ಹರ್ಷಪಾಲ್ ಸಿಂಗ್ ಸಚ್‌ದೇವ್, ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಅನುರಾ ಕುರ್ಪಾಡ್, ಟಿಂಕು ಥಾಮಸ್ ಮೊದಲಾದವರು ಇನ್ನೂ ಕೆದಕಿದರು. ಕಬ್ಬಿಣ, ಫೋಲೇಟ್, ಬಿ12 ಕೊರತೆಯಾಗಲಿ ಸೋಂಕಿನ ಉರಿಯೂತವಾಗಲಿ ಇಲ್ಲದ ಮಕ್ಕಳನ್ನು ಮಾತ್ರ ಆರಿಸಿ, ಇಲ್ಲಿನ ಆರೋಗ್ಯವಂತ ಮಗುವಿನ ಹಿಮೋಗ್ಲೋಬಿನ್ನಿನ ಕೆಳಮಿತಿ ಎಷ್ಟಿರುತ್ತದೆ ಎಂದು ಲೆಕ್ಕ ಹಾಕಿದರು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಅದು ಬಹುತೇಕ ವಯಸ್ಸುಗಳಲ್ಲಿ ಒಂದೆರಡು ಗ್ರಾಂ ಕೆಳಗಿತ್ತು. ಸಂಸ್ಥೆಯ ಮಿತಿ ಹಿಡಿದರೆ ಸಮೀಕ್ಷೆಯ ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ. 30 ಮಂದಿಗೆ ರಕ್ತಹೀನತೆ. ಇವರ ಮಿತಿ ಹಿಡಿದರೆ ಶೇ. 11ರಷ್ಟು. 2021ರಲ್ಲಿ ಇದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಪ್ರಕಟವಾಯಿತು. ಒಂದು ಮಗುವಿಗೂ ಒಂದು ತುತ್ತು ಹೆಚ್ಚು ಕೊಡದೆ ಕೋಟ್ಯಂತರ ಮಕ್ಕಳು ಆರೋಗ್ಯವಂತರಾದರೆ ಅದು ಸಾಧನೆಯೋ ಮೋಸವೋ ಎಂದು ಕೇಳುವವರೂ ಇದ್ದಾರೆ. ಬಡತನದ ನಾಡಿನಲ್ಲಿ ಆರೋಗ್ಯವಂತ ಮಗುವನ್ನು ಆರಿಸುವುದೇ ಕಷ್ಟ ಎಂಬ ಅವರ ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಇಲ್ಲದ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ನುಂಗಿಸುವುದೂ ಸಣ್ಣ ವಿಷಯವಲ್ಲ. ಕೊನೆಗೆ ಸರ್ಕಾರ ಕುಟುಂಬ ಆರೋಗ್ಯ ಸಮೀಕ್ಷೆಯ ಮುಂದಿನ ಸುತ್ತಿನಿಂದ ರಕ್ತಹೀನತೆಯ ಪರೀಕ್ಷೆಯನ್ನೇ ಕೈಬಿಟ್ಟು, ತೋಳಿನಿಂದ ರಕ್ತ ತೆಗೆಯುವ ಬೇರೆ ಸಮೀಕ್ಷೆಗೆ ಅದನ್ನು ಒಪ್ಪಿಸಿತು. ಈ ಇಡೀ ವಾದವಿವಾದ ಅರ್ಥವಾಗಲು ಬೇಕಾದದ್ದು ಎರಡೇ ಪಾಠ: ಹನಿ ಎಲ್ಲಿಂದ ಬಂತು, ಗೆರೆ ಎಳೆದವರು ಯಾರು. ಎರಡೂ ಮೊದಲ ವರ್ಷದವು.

ಅಂಕಿಯ ಬುಡ ನೋಡಿದರೆ ಅನುಮಾನ ಮಾತ್ರ ಹುಟ್ಟುತ್ತದೆ ಎಂದುಕೊಳ್ಳಬೇಕಿಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದಾಗ, ಹಳ್ಳಿಯ ಜನರಿಗೆ ಕ್ಷಯದ ಅರಿವಿಲ್ಲ, ಊರೂರಿಗೆ ಎಕ್ಸ್‌ರೇ ವ್ಯಾನ್ ಕಳಿಸಿ ರೋಗಿಗಳನ್ನು ಹುಡುಕಬೇಕು ಎಂಬುದು ಬಲ್ಲವರ ನಂಬಿಕೆಯಾಗಿತ್ತು. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನೇ ಮಾತಾಡಿಸಿದರು. ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು, ಜ್ವರ, ಸೊರಗುವಿಕೆಯ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಯಾವುದೋ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಕೆಮ್ಮಿನ ಔಷಧಿ ಕೊಟ್ಟು ಕಳಿಸಿದವರು ಆಸ್ಪತ್ರೆಯವರೇ. 1963ರಲ್ಲಿ ಪ್ರಕಟವಾದ ಆ ಅಧ್ಯಯನ ಭಾರತದ ಕ್ಷಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು: ಬಂದ ರೋಗಿಯ ಕಫ ಪರೀಕ್ಷಿಸಿ, ಹತ್ತಿರದಲ್ಲೇ ಔಷಧಿ ಕೊಡಿ. ವ್ಯಾನಿನ ಖರ್ಚಿಗಿಂತ ಎಷ್ಟೋ ಅಗ್ಗದ ದಾರಿ ಸಿಕ್ಕಿದ್ದು, ಅಜ್ಞಾನ ಯಾರ ಕಡೆಗಿದೆ ಎಂದು ಹೋಗಿ ಕೇಳಿದ್ದರಿಂದ.

ಇಂಥ ಕಥೆಗಳು ನಮ್ಮ ತರಗತಿಗಳಲ್ಲಿ ಸಿಗುವುದು ಅಪರೂಪ. ಬಯೋಸ್ಟ್ಯಾಟಿಸ್ಟಿಕ್ಸ್ ಎಂದರೆ ಕಮ್ಯುನಿಟಿ ಮೆಡಿಸಿನ್ ಪುಸ್ತಕದ ಕೊನೆಯ ಅಧ್ಯಾಯಗಳಲ್ಲೊಂದು, ಪರೀಕ್ಷೆಯ ಹಿಂದಿನ ರಾತ್ರಿ ಸೂತ್ರ ಉರುಹೊಡೆಯಲು. ಅಂಕಿಗಳನ್ನು ದಿನನಿತ್ಯ ಕೈಯಾರೆ ಹುಟ್ಟಿಸುವ ಲ್ಯಾಬ್ ಟೆಕ್ನಾಲಜಿಸ್ಟರ ಶಿಕ್ಷಣಕ್ಕೆ ರಾಷ್ಟ್ರಮಟ್ಟದ ಆಯೋಗ ಬೇಕೆಂದು ಕಾನೂನು ಬಂದದ್ದೇ 2021ರಲ್ಲಿ. ಡಾಕ್ಟರಿಗೆ ರಿಪೋರ್ಟು ಕಾಣುತ್ತದೆ, ಅದನ್ನು ಮಾಡಿದವರ ಬೆಳಗಿನ ಕಂಟ್ರೋಲ್ ಸ್ಯಾಂಪಲ್, ಯಂತ್ರದ ಕ್ಯಾಲಿಬ್ರೇಷನ್, ಫ್ರಿಜ್ಜಿನ ಹೊರಗೆ ಉಳಿದುಹೋದ ರೀಏಜೆಂಟ್ ಯಾವುದೂ ಕಾಣುವುದಿಲ್ಲ. ಇಬ್ಬರೂ ಒಂದೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿ ಪಡೆದಿದ್ದರೂ, ಓದುವಾಗ ಒಂದೇ ಬೆಂಚಿನಲ್ಲಿ ಕುಳಿತ ಉದಾಹರಣೆ ಕಡಿಮೆ.

ಇದನ್ನು ಸರಿಪಡಿಸಲು ದುಡ್ಡು ಬೇಡ, ಹೊಸ ಕಟ್ಟಡವೂ ಬೇಡ. ಪ್ರತಿ ಕಾಲೇಜಿನ ಮೊದಲ ವರ್ಷದವರು ತಮ್ಮದೇ ಬ್ಯಾಚಿನ ಹಿಮೋಗ್ಲೋಬಿನ್, ಬಿ.ಪಿ. ಅಳೆದು, ಒಬ್ಬರದನ್ನು ಮೂವರು ಅಳೆದು, ವ್ಯತ್ಯಾಸವನ್ನೂ ಬರೆದಿಟ್ಟು, ತಮ್ಮ ಕಾಲೇಜಿನ ಸಹಜ ಮಿತಿಯನ್ನು ತಾವೇ ಲೆಕ್ಕ ಹಾಕಲಿ. ಎಂಬಿಬಿಎಸ್‌ನವರೂ ಲ್ಯಾಬ್ ಟೆಕ್ನಾಲಜಿಯವರೂ ಒಟ್ಟಿಗೆ ಕೂತು ಮಾಡಲಿ. ಈಗ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ಮೊದಲ ವರ್ಷದಿಂದಲೇ ಹಳ್ಳಿಯ ಮನೆಗಳಿಗೆ ಹೋಗುವ ನಿಯಮವಿದೆ. ಆ ಮನೆಗಳಲ್ಲಿ ಅಳೆದದ್ದನ್ನೂ ಪಕ್ಕದಲ್ಲಿಟ್ಟು ಹೋಲಿಸಲಿ. ವೈವಾದಲ್ಲಿ ಎಕ್ಸಾಮಿನರು “ನಾರ್ಮಲ್ ಎಷ್ಟು?” ಎಂದು ಕೇಳುವ ಬದಲು “ನಿನಗೆ ಎಷ್ಟು ಬಂತು, ಅದನ್ನು ಎಷ್ಟು ನಂಬ್ತೀಯ?” ಎಂದು ಕೇಳಲಿ. 108 ಬರೆದು ಅದನ್ನು ಸಮರ್ಥಿಸಿಕೊಳ್ಳಬಲ್ಲ ಹುಡುಗನಿಗೆ, 120 ಬರೆದು ಸುಮ್ಮನೆ ನಿಂತವನಿಗಿಂತ ಹೆಚ್ಚು ಅಂಕ ಸಿಗಲಿ. ಹತ್ತು ವರ್ಷದ ಮೇಲೆ ಯಾರದೋ ರಿಪೋರ್ಟಿನ ಒಂಟಿ ಸ್ಟಾರನ್ನು ನೋಡಿ, “ಇದಕ್ಕೇನೂ ಮಾಡೋದು ಬೇಡ, ಮನೆಗೆ ಹೋಗಿ” ಎಂದು ಧೈರ್ಯವಾಗಿ ಹೇಳಬೇಕಾದವನು ಅವನೇ.