ಚಿತ್ರಗೀತೆಗಳೂ ಕವಿಗಳ ಹೆಸರೂ

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಲ್ಲಾಗಲಿ, ಅತ್ತ ಹುಣಸೂರು, ಹೆಗ್ಗಡದೇವನಕೋಟೆಗಳಲ್ಲಾಗಲಿ, ಗಣಪತಿ ಉತ್ಸವಕ್ಕೆ ಆರ್ಕೆಸ್ಟ್ರಾದವರು ಬಂದು ನಿಂತರೆ, 1965ರಿಂದ 1970ರವರೆಗಿನ ಚಿತ್ರಗೀತೆಗಳಲ್ಲಿ ಒಂದೆರಡನ್ನಾದರೂ ಹಾಡದೆ ಅವರಿಗೆ ಬಿಡುಗಡೆಯಿಲ್ಲ. ಆ ಚಿತ್ರಗಳು ತೆರೆಗೆ ಬಂದಾಗ ಹುಟ್ಟಿಯೂ ಇರದಿದ್ದ ಹುಡುಗರು ಆ ಪದಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಹಾಡಿಗೆ ಮುಂಚೆ ವೇದಿಕೆಯಿಂದ ಆಗುವ ಘೋಷಣೆಯನ್ನು ವಾಚಕ ಮಹಾಶಯರು ಒಮ್ಮೆ ಲಕ್ಷ್ಯವಿಟ್ಟು ಕೇಳಬೇಕು. ನಟರ ಹೆಸರು ಬರುವುದು. ಕೆಲವು ವೇಳೆ ಗಾಯಕರ ಹೆಸರೂ ಬರುವುದು. ಬರೆದವರ ಹೆಸರು ಮಾತ್ರ ಬರುವುದಿಲ್ಲ.

ಈ ಉಪೇಕ್ಷೆ ಸಣ್ಣದೆಂದು ನಾವು ಎಣಿಸುವುದಿಲ್ಲ. ಆ ಕಾಲದ ಕನ್ನಡ ಚಿತ್ರಗೀತೆಗಳಲ್ಲಿ ಬಹುಭಾಗ ಮುದ್ರಣವಾದುದು ಮದರಾಸಿನಲ್ಲಿ. ಹಾಡಿದವರಲ್ಲಿ ಅಗ್ರಗಣ್ಯರಾದ ಶ್ರೀ ಪಿ.ಬಿ. ಶ್ರೀನಿವಾಸ್, ಶ್ರೀಮತಿ ಎಸ್. ಜಾನಕಿ, ಶ್ರೀಮತಿ ಪಿ. ಸುಶೀಲಾ, ಮೂವರೂ ಆಂಧ್ರ ದೇಶದವರು. 1967ರ 'ನಕ್ಕರೆ ಅದೇ ಸ್ವರ್ಗ'ದಿಂದ ಕನ್ನಡಕ್ಕೆ ಬಂದ ಶ್ರೀ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರೂ ತೆಲುಗರೇ. ಕನ್ನಡಿಗರು ಇದನ್ನು ಕೊರತೆಯೆಂದು ಭಾವಿಸಬೇಕಾದುದಿಲ್ಲ; ಆ ಮಹನೀಯರು ನಮ್ಮ ಅಕ್ಷರಗಳನ್ನು ಉಚ್ಚರಿಸಿದ ಶುದ್ಧಿ ನಮ್ಮವರೇ ಅನೇಕರಿಗೆ ಸಾಧ್ಯವಾಗಿಲ್ಲ. ಆದರೆ ಊರು ಮದರಾಸು, ಕಂಠ ಆಂಧ್ರದ್ದು ಎಂದಮೇಲೆ, ಆ ಹಾಡಿಗೆ ಕನ್ನಡತನವನ್ನು ತಂದುಕೊಟ್ಟವನು ಮೊದಲಾಗಿ ಪದಗಳನ್ನು ಬರೆದವನು. ಅವನನ್ನೇ ಮರೆತು ನಾಡಹಾಡೆಂದು ಎದೆ ತಟ್ಟಿಕೊಳ್ಳುವುದು ಯಾವ ಅಭಿಮಾನ?

ಈ ಮರೆವು ನಮ್ಮ ನೆರೆಯಲ್ಲೇ ಆಗಿದೆ. ಹುಣಸೂರು ಕೃಷ್ಣಮೂರ್ತಿಯವರು ತಮ್ಮ ಊರಿನ ಹೆಸರನ್ನು ಹೊತ್ತುಕೊಂಡೇ ಚಿತ್ರರಂಗಕ್ಕೆ ಹೋದವರು. 1965ರ 'ಸತ್ಯ ಹರಿಶ್ಚಂದ್ರ'ವನ್ನು ನಿರ್ದೇಶಿಸಿದವರೂ, ಅದರ ಸ್ಮಶಾನದ ಗೀತೆಯನ್ನು ಬರೆದವರೂ ಅವರೇ. ಘಂಟಸಾಲ ಅವರ ಕಂಠದಲ್ಲಿ ಕುಲಭೇದವನ್ನು ಜರೆಯುವ ಆ ಹಾಡು ಸಭೆಗಳಲ್ಲಿ, ಮೆರವಣಿಗೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅದು ಯಾವುದೋ ಕಾಲದ ತತ್ತ್ವಪದವೆಂದು ತಿಳಿದವರೂ ಇದ್ದಾರೆ. ಕವಿಗೆ ಇದಕ್ಕಿಂತ ದೊಡ್ಡ ಮನ್ನಣೆ ಬೇರೆ ಉಂಟೇ ಎಂದು ಕೆಲವರು ಕೇಳಬಹುದು. ಮಾತು ಸೊಗಸಾಗಿದೆ, ಆದರೆ ಹುಣಸೂರಿನಲ್ಲೇ ಆ ಮನ್ನಣೆಯ ಒಡೆಯನಾರೆಂದು ಮಕ್ಕಳಿಗೆ ತಿಳಿಯದಿದ್ದರೆ ಅದು ಮನ್ನಣೆಯಲ್ಲ, ಮರೆವು.

ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿಗೆ ಬರೋಣ. ಪುಟ್ಟಣ್ಣ ಕಣಗಾಲರ ಹೆಸರಿಗೆ ಲೋಪ ಬಂದಿಲ್ಲ. ಸರಕಾರದವರು ಅವರ ಹೆಸರಿನಲ್ಲಿ ಪ್ರಶಸ್ತಿಯನ್ನೇ ಇಟ್ಟಿದ್ದಾರೆ. ಆದರೆ ಚಿತ್ರಗಳಿಗೆ ಸಂಭಾಷಣೆಯನ್ನೂ ಗೀತೆಗಳನ್ನೂ ಬರೆದ ಅವರ ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿಗಳನ್ನು ನೆನೆಯುವವರು ಎಷ್ಟು ಮಂದಿ? ಪುಟ್ಟಣ್ಣನವರು ಕನ್ನಡದಲ್ಲಿ ಮೊದಲು ನಿರ್ದೇಶಿಸಿದ 'ಬೆಳ್ಳಿಮೋಡ' 1967ರಲ್ಲಿ ಬಂದಿತು. ಕಥೆ ತ್ರಿವೇಣಿಯವರದು, ಸಂಗೀತ ವಿಜಯಭಾಸ್ಕರ್ ಅವರದು. ಅದರಲ್ಲಿ ದ.ರಾ. ಬೇಂದ್ರೆಯವರ 'ಬೆಳಗು' ಪದ್ಯವನ್ನು ಜಾನಕಿಯವರು ಹಾಡಿದರು. ಚಿತ್ರಕ್ಕಿಂತ ದಶಕಗಳ ಹಿಂದೆಯೇ ಅಚ್ಚಾಗಿ, ಓದುಬಲ್ಲವರ ಸೊತ್ತಾಗಿದ್ದ ಆ ಪದ್ಯ ಟೆಂಟು ಸಿನಿಮಾದ ನೆಲದ ಮೇಲೆ ಕುಳಿತು ನೋಡಿದ ಒಕ್ಕಲು ಮಕ್ಕಳ ನಾಲಗೆಗೂ ಬಂದಿತು. ಅಂದು ಮೈಸೂರಿನಲ್ಲಿ ಆಕಾಶವಾಣಿಯ ನಿಲಯವೂ ಇರಲಿಲ್ಲವೆಂಬುದನ್ನು ನೆನೆದರೆ, ಹಳ್ಳಿಗಳಿಗೆ ಹೊಸಗನ್ನಡ ಕವಿತೆಯನ್ನು ಮುಟ್ಟಿಸಿದ ಕೆಲಸದಲ್ಲಿ ಪಠ್ಯಪುಸ್ತಕಕ್ಕಿಂತ ಟೆಂಟಿನ ಧ್ವನಿವರ್ಧಕದ ಪಾಲು ಕಡಿಮೆಯೇನಲ್ಲವೆಂದು ನಮ್ಮ ಅಭಿಪ್ರಾಯ. ಅದೇ ಚಿತ್ರಕ್ಕೆ ಗೀತೆ ಬರೆದ ಆರ್.ಎನ್. ಜಯಗೋಪಾಲರು ಮರುವರ್ಷ 'ಹಣ್ಣೆಲೆ ಚಿಗುರಿದಾಗ' ಚಿತ್ರಕ್ಕೂ ಬರೆದರು. ಬೇಂದ್ರೆಯವರಿಗೆ ಪುಸ್ತಕದ ಆಸರೆಯಿದೆ. ಜಯಗೋಪಾಲರಂಥವರಿಗೆ ಹಾಡೇ ಪುಸ್ತಕ.

ನಮ್ಮ ಹಿರಿಯರು ಈ ವಿಷಯದಲ್ಲಿ ಜಾಣರಾಗಿದ್ದರು. ಬಸವಣ್ಣನವರ ವಚನ ಎಲ್ಲಿ ಹೋದರೂ ಕೂಡಲಸಂಗಮದೇವನ ಅಂಕಿತ ಅದರೊಡನೆ ಹೋಗುತ್ತದೆ. ಪುರಂದರದಾಸರ ಪದವನ್ನು ಭಿಕ್ಷುಕನು ಹಾಡಿದರೂ ಕರ್ತೃವಿನ ಹೆಸರು ಕಿವಿಗೆ ಬೀಳುತ್ತದೆ. ಚಿತ್ರಕವಿಗೆ ಅಂಕಿತದ ಅವಕಾಶವಿಲ್ಲ. ಅವನ ಹೆಸರು ಅನ್ಯರ ಸೌಜನ್ಯದಿಂದಲೇ ಉಳಿಯಬೇಕು. ಆಗ ಚಿತ್ರಮಂದಿರದ ಬಾಗಿಲಲ್ಲಿ ಕೆಲವೇ ಪೈಸೆಗಳಿಗೆ ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ಗೀತರಚಕರ ಹೆಸರು ಕಾಣುತ್ತಿತ್ತು. ಆಕಾಶವಾಣಿಯವರು ಸಾಹಿತ್ಯ ಯಾರದೆಂದು ಹೇಳುವ ಪದ್ಧತಿಯನ್ನು ಇಟ್ಟುಕೊಂಡರು. ಇಂದು ಮೊಬೈಲಿನಲ್ಲಿ ಹುಡುಕಿದರೆ ನಟನ ಚಿತ್ರ ಮುಂದೆ ಬರುತ್ತದೆ, ಕವಿ ಎಲ್ಲೋ ಹಿಂದೆ. ಎಷ್ಟೋ ಕಡೆ ಇಲ್ಲವೇ ಇಲ್ಲ. ಗಾಯಕರಿಗೂ ಪೂರ್ಣ ನ್ಯಾಯವಿಲ್ಲ. 1974ರ 'ಸಂಪತ್ತಿಗೆ ಸವಾಲ್'ಗೆ ಮುಂಚೆ ರಾಜಕುಮಾರರು ತಾವೇ ಹಾಡಿದ್ದು ಬಹು ವಿರಳ. ಆದರೂ ಶ್ರೀನಿವಾಸರು ಹಾಡಿದುದೆಲ್ಲ ಜನರ ಬಾಯಲ್ಲಿ 'ಅಣ್ಣಾವ್ರ ಹಾಡು'.

ಕಾನೂನಿನ ಸ್ಥಿತಿಯನ್ನೂ ಅಧಿಕಾರಿವರ್ಗದವರು ಪರ್ಯಾಲೋಚಿಸಬೇಕು. ಚಿತ್ರಕ್ಕೆಂದು ಬರೆಸಿಕೊಂಡ ಹಾಡಿನ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ನಿರ್ಮಾಪಕನದೆಂದು 1977ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಗೀತಕಾರರ ಸಂಭಾವನೆಯ ಪಾಲನ್ನು ರಕ್ಷಿಸುವ ತಿದ್ದುಪಡಿ ಬಂದುದು 2012ರಲ್ಲಿ. ಆದರೆ ಹಣದ ಹಕ್ಕನ್ನು ಮಾರಿಕೊಂಡ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು 1957ರ ಕೃತಿಸ್ವಾಮ್ಯ ಶಾಸನದ 57ನೆಯ ಸೆಕ್ಷನ್ ಕರ್ತೃವಿಗೇ ಉಳಿಸಿದೆ. ಇನ್ನೊಂದು ವಿಷಯ: ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ ಮಾತ್ರ. 1967ರಲ್ಲಿ ಪ್ರಕಟವಾದ ಮುದ್ರಣದ ಹಕ್ಕು 2027ರ ಕೊನೆಗೆ ತೀರುತ್ತದೆ. 1981ರಲ್ಲಿ ಕಾಲವಾದ ಬೇಂದ್ರೆಯವರ ಪದಗಳ ಹಕ್ಕಾದರೋ 2041ರ ಕೊನೆಯವರೆಗೆ ಇರುವುದು. ಮುದ್ರಣಗಳ ಹಕ್ಕು ಒಂದೊಂದಾಗಿ ತೀರಿದಂತೆ ಅವುಗಳನ್ನು ಕತ್ತರಿಸಿ, ಜೋಡಿಸಿ, ಹೊಸ ಹಣೆಪಟ್ಟಿ ಹಚ್ಚುವವರು ಹೆಚ್ಚುವರು. ಆಗ ಹಳೆಯ ಹಾಡಿನ ಪುಸ್ತಕವನ್ನು ಹುಡುಕಿ ಹೆಸರು ತಿದ್ದುವ ಶ್ರಮವನ್ನು ಯಾರು ವಹಿಸುತ್ತಾರೆ?

ಆದುದರಿಂದ ಕರ್ನಾಟಕ ಚಲನಚಿತ್ರ ಅಕಾಡೆಮಿಯವರೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರೂ ಕೂಡಿ, ಈ ಕಾಲದ ಪ್ರತಿಯೊಂದು ಗೀತೆಗೂ ಬರೆದವರು, ರಾಗ ಹಾಕಿದವರು, ಹಾಡಿದವರು, ಚಿತ್ರ, ವರ್ಷ ಇಷ್ಟನ್ನು ಪರಿಶೋಧಿಸಿ ಒಂದು ಸೂಚಿಯನ್ನು ಪ್ರಕಟಿಸಬೇಕು. ಅದು ಯಾರಿಗೂ ಉಚಿತವಾಗಿ ದೊರೆಯುವಂತಿರಬೇಕು. ಹಳೆಯ ಹಾಡಿನ ಪುಸ್ತಕಗಳನ್ನು ಮನೆಯಲ್ಲಿಟ್ಟುಕೊಂಡಿರುವ ಮಹಾಜನರು ರದ್ದಿಯ ಅಂಗಡಿಗೆ ಹಾಕುವ ಮುನ್ನ ತಾಲ್ಲೂಕು ಗ್ರಂಥಾಲಯಕ್ಕೆ ತೋರಿಸಲಿ. ಕೊಪ್ಪ, ಕಣಗಾಲು, ಹುಣಸೂರುಗಳ ಉತ್ಸವ ಸಮಿತಿಗಳವರಿಗೆ ಇದಾವುದೂ ಬೇಕಾಗಿಲ್ಲ. ಬರುವ ಗಣಪತಿಗೆ ಆರ್ಕೆಸ್ಟ್ರಾದವರೊಡನೆ ಕರಾರು ಮಾಡಿಕೊಳ್ಳುವಾಗ, ಪ್ರತಿ ಹಾಡಿಗೂ ಮುಂಚೆ ಬರೆದವರ ಹೆಸರು ಹೇಳತಕ್ಕದ್ದೆಂದು ಒಂದು ಸಾಲು ಸೇರಿಸಿದರೆ ಸಾಕು.